ಜೋಡಿ ಪದವಿ: ಕಾನೂನು ಮತ್ತು ವ್ಯವಹಾರ

ಕಳೆದ ತಿಂಗಳು ಬ್ಯಾಂಕಿಗೆ ಹೋಗಿ ಒಂದು ಜಾಮೀನು ಪತ್ರಕ್ಕೆ ಸಹಿ ಹಾಕಿ ಬಂದೆ. ನನ್ನ ತಂಗಿಯ ಮೊಮ್ಮಗಳು ಅಮೆರಿಕಕ್ಕೆ ಹೊರಟಿದ್ದಾಳೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದ ಹುಡುಗಿ. ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪದವಿಯನ್ನೂ ವ್ಯವಹಾರ ನಿರ್ವಹಣೆಯ ಪದವಿಯನ್ನೂ ಒಟ್ಟಿಗೆ ಪಡೆಯಬೇಕೆಂಬುದು ಅವಳ ಸಂಕಲ್ಪ. ಅವಳ ತಂದೆ, ಎಂದರೆ ನನ್ನ ಸೋದರಳಿಯ, ಸಾಲದ ಕಾಗದಗಳನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. "ಮಾವ, ನೀವು ಕಾನೂನನ್ನೂ ಕಂಡವರು, ಕಂಪೆನಿಯನ್ನೂ ಕಂಡವರು. ಇದಕ್ಕೆ ಇಷ್ಟು ಹಣ ಸುರಿಯುವುದು ಸರಿಯೇ, ನೀವೇ ಹೇಳಿ" ಎಂದ. ಅವನಿಗೆ ಅಂದು ಕೊಟ್ಟ ಉತ್ತರವನ್ನೇ ಇಂದು ಸ್ವಲ್ಪ ವಿಸ್ತರಿಸಿ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಈ ಜೋಡಿ ಪದವಿ ಎಂದರೇನು ಎಂಬುದನ್ನು ನೋಡೋಣ. ಅಮೆರಿಕದಲ್ಲಿ ಕಾನೂನು ಓದುವವರು ಮೊದಲು ಬೇರೊಂದು ವಿಷಯದಲ್ಲಿ ಪದವಿ ಪಡೆದಿರಬೇಕು. ಆಮೇಲೆ ಮೂರು ವರ್ಷ ಓದಿದರೆ ಜೆ.ಡಿ. ಎಂಬ ಪದವಿ ದೊರೆಯುತ್ತದೆ. ಎಂ.ಬಿ.ಎ. ಎರಡು ವರ್ಷಗಳ ವ್ಯಾಸಂಗ. ಒಂದಾದ ಮೇಲೊಂದು ಓದಿದರೆ ಐದು ವರ್ಷ. ಜೋಡಿಯಾಗಿ ಓದಿದರೆ ಸಾಮಾನ್ಯವಾಗಿ ನಾಲ್ಕೇ ವರ್ಷ. ಉಳಿದ ಒಂದು ವರ್ಷ ಎಲ್ಲಿಗೆ ಹೋಯಿತು ಎಂದು ನನ್ನ ತಂಗಿ ಕೇಳಿದಳು. "ಅದೇನಣ್ಣ, ಒಂದೇ ಚಪ್ಪರದಲ್ಲಿ ಎರಡು ಮದುವೆಯೇ?" ಎಂದಳು. ನಾನು ಹೌದೆಂದೆ. ಕಾನೂನು ಶಾಲೆಯು ವ್ಯವಹಾರ ಶಾಲೆಯ ಕೆಲವು ಪಾಠಗಳನ್ನು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತದೆ. ವ್ಯವಹಾರ ಶಾಲೆಯೂ ಹಾಗೆಯೇ ಮಾಡುತ್ತದೆ. ಚಪ್ಪರದ ಖರ್ಚು ಒಂದು ಉಳಿಯುತ್ತದೆ. ಆದರೆ ಎರಡು ಕಡೆಯ ಶಾಸ್ತ್ರಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ಮೊದಲ ವರ್ಷವೆಲ್ಲ ಒಂದು ಶಾಲೆ, ಎರಡನೆಯ ವರ್ಷವೆಲ್ಲ ಇನ್ನೊಂದು ಶಾಲೆ, ಕೊನೆಯ ಎರಡು ವರ್ಷ ಎರಡೂ ಕಡೆ ಬೆರೆಸಿದ ಪಾಠ, ಇದು ರೂಢಿಯ ಕ್ರಮ. ಪೆನ್ಸಿಲ್ವೇನಿಯಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳು ರಜೆಯ ದಿನಗಳನ್ನೂ ಬಳಸಿಕೊಂಡು ಮೂರೇ ವರ್ಷಗಳಲ್ಲಿ ಮುಗಿಸುವ ಏರ್ಪಾಟನ್ನೂ ಮಾಡಿವೆ. ಪ್ರವೇಶಕ್ಕೆ ಎರಡು ಶಾಲೆಗಳೂ ಒಪ್ಪಬೇಕು. ಒಂದು ಒಪ್ಪಿ ಮತ್ತೊಂದು ನಿರಾಕರಿಸುವುದೂ ಉಂಟು.

ಈ ಎರಡು ವಿದ್ಯೆಗಳ ಸಂಬಂಧ ನಿನ್ನೆ ಮೊನ್ನೆಯದಲ್ಲ. ಹಾರ್ವರ್ಡಿನ ಕಾನೂನು ಶಾಲೆಗೆ 1870ರಲ್ಲಿ ಲ್ಯಾಂಗ್‌ಡೆಲ್ ಎಂಬುವರು ಮುಖ್ಯಸ್ಥರಾಗಿ ಬಂದರು. ಅಲ್ಲಿಯವರೆಗೆ ಸೂತ್ರಗಳನ್ನು ಉರು ಹೊಡೆಸುವ ಪದ್ಧತಿಯಿತ್ತು. ಲ್ಯಾಂಗ್‌ಡೆಲ್ ಅದನ್ನು ಕೈಬಿಟ್ಟು, ನ್ಯಾಯಾಲಯಗಳು ನಿಜವಾಗಿ ತೀರ್ಮಾನಿಸಿದ ಮೊಕದ್ದಮೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು ಪ್ರಶ್ನೆ ಕೇಳುತ್ತ ಹೋದರು. ಕರಾರಿಗೆ ಸಂಬಂಧಿಸಿದ ಅಂಥ ಮೊಕದ್ದಮೆಗಳ ಸಂಗ್ರಹವನ್ನು 1871ರಲ್ಲಿ ಪ್ರಕಟಿಸಿದರು. ಅದೇ ವಿಶ್ವವಿದ್ಯಾಲಯದ ವ್ಯವಹಾರ ಶಾಲೆ ಆರಂಭವಾದುದು 1908ರಲ್ಲಿ. 1919ರಲ್ಲಿ ಅದರ ಮುಖ್ಯಸ್ಥರಾದ ವಾಲೆಸ್ ಡಾನ್‌ಹ್ಯಾಮ್ ತಾವೇ ಕಾನೂನು ಪದವೀಧರರು. ಕಾನೂನು ಶಾಲೆಯ ಈ ಮೊಕದ್ದಮೆಯ ಪದ್ಧತಿಯನ್ನೇ ಅವರು ವ್ಯವಹಾರದ ಪಾಠಕ್ಕೂ ವ್ಯಾಪಕವಾಗಿ ಅಳವಡಿಸಿದರು. ನ್ಯಾಯಾಲಯದ ತೀರ್ಪಿನ ಬದಲು ಒಂದು ಕಾರ್ಖಾನೆಯ ಕಷ್ಟವನ್ನು ವಿವರಿಸಿ, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದು ಅದರ ಕ್ರಮ.

ಹೀಗೆ ಒಂದೇ ಬಳ್ಳಿಯ ಎರಡು ಕುಡಿಗಳಾದರೂ ಅವು ಬೆಳೆದುದು ಬೇರೆ ಬೇರೆಯಾಗಿ. ಇಂದಿಗೂ ಹಾರ್ವರ್ಡಿನ ಕಾನೂನು ಶಾಲೆ ಚಾರ್ಲ್ಸ್ ನದಿಯ ಒಂದು ದಡದಲ್ಲಿದೆ, ವ್ಯವಹಾರ ಶಾಲೆ ಇನ್ನೊಂದು ದಡದಲ್ಲಿದೆ. ಜೋಡಿ ಪದವಿಯ ವಿದ್ಯಾರ್ಥಿ ಸೇತುವೆ ದಾಟಿ ಓಡಾಡುತ್ತಾನೆ. 1970ರ ಆಸುಪಾಸಿನಲ್ಲಿ ಅಲ್ಲಿ ಈ ವ್ಯಾಸಂಗ ಇನ್ನೂ ಹೊಸದು. 1975ರಲ್ಲಿ ಎರಡೂ ಪದವಿ ಪಡೆದವರಲ್ಲಿ ಮಿಟ್ ರಾಮ್ನಿ ಒಬ್ಬರು; 2012ರಲ್ಲಿ ಆ ದೇಶದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತವರು.

ನದಿಯ ಎರಡು ದಡಗಳಲ್ಲಿ ಕಲಿಸುವುದರಲ್ಲಿ ವ್ಯತ್ಯಾಸವೇನು? ಇದನ್ನು ಒಂದು ಹಳೆಯ ಮೊಕದ್ದಮೆಯ ಮೂಲಕ ಹೇಳುವುದು ಸುಲಭ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಹ್ಯಾಡ್ಲಿ ಕುಟುಂಬದವರದೊಂದು ಹಿಟ್ಟಿನ ಗಿರಣಿಯಿತ್ತು. ಅದರ ಉಗಿ ಯಂತ್ರದ ದಂಡ, ಎಂದರೆ ಶಾಫ್ಟು, ಮುರಿಯಿತು. ಹೊಸದನ್ನು ಮಾಡಿಸಲು ಮುರಿದದ್ದನ್ನೇ ಮಾದರಿಯಾಗಿ ಗ್ರೀನಿಚ್ಚಿಗೆ ಕಳುಹಿಸಬೇಕಾಯಿತು. ಸಾಗಣೆಯವರು ಅದನ್ನು ಹಲವು ದಿನ ತಡವಾಗಿ ಮುಟ್ಟಿಸಿದರು. ಅಷ್ಟೂ ದಿನ ಗಿರಣಿ ನಿಂತಿತು. ಆ ನಷ್ಟವನ್ನು ಸಾಗಣೆಯವರು ಕೊಡಬೇಕೇ? 1854ರಲ್ಲಿ ನ್ಯಾಯಾಲಯ ಕೊಡಬೇಕಿಲ್ಲ ಎಂದಿತು. ಕರಾರು ಮುರಿದುದರಿಂದ ಸಹಜವಾಗಿ ಒದಗುವ ನಷ್ಟವನ್ನು, ಇಲ್ಲವೇ ಕರಾರಿನ ಹೊತ್ತಿಗೇ ಇಬ್ಬರಿಗೂ ತಿಳಿದಿದ್ದ ನಷ್ಟವನ್ನು ಮಾತ್ರ ಕೇಳಬಹುದು ಎಂಬುದು ಆ ತೀರ್ಪಿನ ಸಾರ. ನಮ್ಮ 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮಿನಲ್ಲಿ ಇದೇ ತತ್ತ್ವವಿದೆ. ಆ ಕಲಮಿನ ಉದಾಹರಣೆಗಳಲ್ಲೊಂದು ಯಂತ್ರವಿಲ್ಲದೆ ನಿಂತ ಗಿರಣಿಯ ವಿಷಯವೇ ಆಗಿದೆ. ಗ್ಲಾಸ್ಟರಿನಲ್ಲಿ ಮುರಿದ ದಂಡ ನಮ್ಮ ಊರಿನ ಅಕ್ಕಿ ಗಿರಣಿಯ ಕರಾರಿನವರೆಗೂ ಬಂದಿದೆಯೆನ್ನಬಹುದು.

ಕಾನೂನಿನ ತರಗತಿಯಲ್ಲಿ ಈ ಕಥೆಯಿಂದ ಹೊರಡುವ ಪ್ರಶ್ನೆ: ನಷ್ಟಕ್ಕೆ ಹೊಣೆ ಯಾರು? ಅದೇ ಕಥೆಯನ್ನು ವ್ಯವಹಾರದ ತರಗತಿಯಲ್ಲಿ ಹೇಳಿದರೆ ಹೊರಡುವ ಪ್ರಶ್ನೆ ಬೇರೆ: ಗಿರಣಿಯವರು ಇನ್ನೊಂದು ದಂಡವನ್ನು ಉಗ್ರಾಣದಲ್ಲಿ ಏಕೆ ಇಟ್ಟುಕೊಂಡಿರಲಿಲ್ಲ? ಒಂದು ಲೆಕ್ಕ ಹಾಕಿ ನೋಡೋಣ. ದಂಡದ ಬೆಲೆ ಸಾವಿರ ರೂಪಾಯಿ ಎನ್ನೋಣ. ಅದು ಉಗ್ರಾಣದಲ್ಲಿ ಸುಮ್ಮನೆ ಬಿದ್ದಿದ್ದರೆ ಶೇಕಡ ಹತ್ತರ ಬಡ್ಡಿಯಂತೆ ವರ್ಷಕ್ಕೆ ನೂರು ರೂಪಾಯಿ ಹೋಯಿತು. ಗಿರಣಿ ಹತ್ತು ವರ್ಷಕ್ಕೊಮ್ಮೆ ಐದು ದಿನ ನಿಂತು, ದಿನಕ್ಕೆ ಮುನ್ನೂರರಂತೆ ಸಾವಿರದ ಐನೂರು ನಷ್ಟವಾದರೆ ವರ್ಷಕ್ಕೆ ನೂರೈವತ್ತು ಬಿತ್ತು. ಹಾಗಾದರೆ ದಂಡವನ್ನು ಕೊಂಡಿಡುವುದೇ ಲಾಭ. ಇಲ್ಲಿ ವಾದಿಯಿಲ್ಲ, ಪ್ರತಿವಾದಿಯಿಲ್ಲ. ಮುಂದೆ ಹೀಗಾಗದಂತೆ ಏನು ಮಾಡಬೇಕೆಂಬ ಚಿಂತೆ ಮಾತ್ರ ಇದೆ.

ಸ್ವಾರಸ್ಯವೆಂದರೆ 1854ರ ಆ ತೀರ್ಪು ಬರೆದ ನ್ಯಾಯಾಧೀಶರೂ ಈ ಎರಡನೆಯ ಪ್ರಶ್ನೆಯನ್ನು ಮುಟ್ಟಿದ್ದರು. ಗಿರಣಿಯವರ ಬಳಿ ಇನ್ನೊಂದು ದಂಡ ಇದ್ದಿರಬಹುದಲ್ಲ, ದಂಡ ಬಂದ ಮಾತ್ರಕ್ಕೆ ಗಿರಣಿ ನಿಂತಿದೆಯೆಂದು ಸಾಗಣೆಯವನು ಹೇಗೆ ಊಹಿಸಬೇಕು ಎಂಬುದು ಅವರ ತರ್ಕದ ಒಂದು ಭಾಗ. ಎಂದರೆ ಗಿರಣಿಯ ವ್ಯವಹಾರ ತಿಳಿಯದೆ ಗಿರಣಿಯ ನ್ಯಾಯವನ್ನು ಹೇಳಲಾಗುತ್ತಿರಲಿಲ್ಲ. ಜೋಡಿ ಪದವಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ನಾನು ಕಾಣೆ.

ಈ ಮಾತನ್ನು ನಾನು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ ಕಲಿತೆ. ನಾನು 1975ರಲ್ಲಿ ಬೆಂಗಳೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದೆ. ಸಂಜೆಯ ಕಾಲೇಜಿನಲ್ಲಿ ಕಾನೂನು ಓದಿದೆ. ಕಪ್ಪು ಕೋಟನ್ನು ಹೊಲಿಸಿದ್ದೆ, ತೊಡಲಿಲ್ಲ. ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿರುವವನು ವಕೀಲಿ ಮಾಡುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ. ಕಾರ್ಖಾನೆಯಲ್ಲಿಯೇ ಕರಾರು ಪತ್ರಗಳನ್ನು ಬರೆಯುವ ಕೆಲಸಕ್ಕೆ ನನ್ನನ್ನು ಹಾಕಿದರು.

ನಮಗೆ ಎರಕದ ಭಾಗಗಳನ್ನು ಬೆಳಗಾವಿಯ ಕಡೆಯ ಒಂದು ಸಣ್ಣ ಫೌಂಡ್ರಿಯವರು ಒದಗಿಸುತ್ತಿದ್ದರು. 1984ರಲ್ಲಿ ಅವರ ಸರಬರಾಜು ಎಂಟು ವಾರ ತಡವಾಯಿತು. ವಿದ್ಯುತ್ತಿನ ಕಡಿತ, ಕುಲುಮೆ ಹೊತ್ತಿಸಲು ಆಗುತ್ತಿಲ್ಲ ಎಂದು ಕಾಗದ ಬರೆದರು. ತಡವಾದ ಪ್ರತಿ ವಾರಕ್ಕೂ ಇಷ್ಟು ಹಣ ಮುರಿದುಕೊಳ್ಳಬಹುದೆಂದು ನಾನು ಬರೆದ ಕರಾರಿನಲ್ಲಿತ್ತು. ವಿದ್ಯುತ್ತು ಕೈಕೊಟ್ಟರೆ ವಿನಾಯಿತಿ ಎಂಬ ಮಾತು ಅದರಲ್ಲಿರಲಿಲ್ಲ. ನಾನು ಪೂರಾ ಹಣ ಮುರಿದೆ. ಆ ಮಾಲೀಕರು ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗ್ಗೆ ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದರು. ಬಿಳಿ ಟೋಪಿ, ಕೈಯಲ್ಲಿ ಒಂದು ಬಟ್ಟೆಯ ಚೀಲ. "ಸಾಹೇಬರ, ಈ ಸಲ ಮುರೀಬ್ಯಾಡ್ರಿ, ಆಳುಗಳ ಪಗಾರ ಕೊಡೋದೈತ್ರಿ" ಎಂದರು. ನಾನು ಕರಾರು ಪತ್ರವನ್ನು ತೆಗೆದು ಅವರದೇ ಸಹಿಯನ್ನು ತೋರಿಸಿದೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ನಮಸ್ಕಾರ ಹೇಳಿ ಎದ್ದು ಹೋದರು.

ಎರಡು ತಿಂಗಳಲ್ಲಿ ಫೌಂಡ್ರಿ ಮುಚ್ಚಿತು. ನಮ್ಮ ಮರದ ಮಾದರಿಗಳೂ ಅಲ್ಲಿಯೇ ಉಳಿದವು. ಹೊಸ ಮಾದರಿ ಮಾಡಿಸಿ, ಹೊಸ ಫೌಂಡ್ರಿಯನ್ನು ಹುಡುಕಿ, ಎರಕ ಸರಿಬರುವ ಹೊತ್ತಿಗೆ ಐದು ತಿಂಗಳು ಕಳೆಯಿತು. ಬೇಸಿಗೆಯ ಮಾರಾಟವೆಲ್ಲ ಕೈತಪ್ಪಿತು. ನಮ್ಮ ಹಣಕಾಸಿನ ಮ್ಯಾನೇಜರರು ನನ್ನನ್ನು ಕರೆಸಿ, "ಮುರಿದುಕೊಂಡ ಹಣ ಎಷ್ಟಪ್ಪ? ನಿಂತ ಮಾರಾಟ ಎಷ್ಟು?" ಎಂದು ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆಯಲು ಹೇಳಿದರು. ಬರೆದೆ. ಹೆಚ್ಚಿನ ಮಾತು ಬೇಕಾಗಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಗೆ ನಾನು ಕೋರ್ಟಿನ ಮೆಟ್ಟಿಲನ್ನೂ ಹತ್ತದೆ ಉದಾಹರಣೆಯಾಗಿದ್ದೆ.

ಈಗ ಯೋಚಿಸಿದರೆ ಅಂದು ನನ್ನಲ್ಲಿ ಎರಡು ಕೊರತೆಗಳಿದ್ದವು. ವ್ಯವಹಾರ ತಿಳಿದವನಾಗಿದ್ದರೆ, ಆ ಹಣವನ್ನು ಮುರಿಯುವ ಬದಲು ಒಂದಿಷ್ಟು ಮುಂಗಡ ಕೊಟ್ಟು ಡೀಸೆಲ್ ಜನರೇಟರ್ ಬಾಡಿಗೆಗೆ ಹಿಡಿಯಲು ನೆರವಾಗುತ್ತಿದ್ದೆ. ಕಾನೂನನ್ನಾದರೂ ಚೆನ್ನಾಗಿ ಅರಿತಿದ್ದರೆ, ವಿದ್ಯುತ್ತು ಹೋದಾಗ ನಷ್ಟ ಯಾರದೆಂಬುದನ್ನು ಕರಾರಿನಲ್ಲಿಯೇ ಬರೆದಿಡುತ್ತಿದ್ದೆ. ಯಾವ ಅಪಾಯವನ್ನು ಯಾರು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲರೋ ಅವರ ಮೇಲೆ ಅದನ್ನು ಹೊರಿಸಬೇಕು. ಯಾರೂ ತಡೆಯಲಾಗದ್ದನ್ನು ಇಬ್ಬರೂ ಹಂಚಿಕೊಳ್ಳಬೇಕು. ಜೋಡಿ ಪದವಿಯ ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ ನಾನಾ ಬಗೆಯಲ್ಲಿ ಅಭ್ಯಾಸ ಮಾಡುವುದು ಬಹುಮಟ್ಟಿಗೆ ಇದನ್ನೇ. ಎರಡು ಪ್ರಶ್ನೆಗಳೂ ಒಂದೇ ತಲೆಯಲ್ಲಿ, ಕರಾರಿಗೆ ಸಹಿ ಬೀಳುವ ಮೊದಲೇ, ಒಟ್ಟಿಗೆ ಏಳಬೇಕು. ಕಾನೂನಿನವನೊಬ್ಬ, ಲೆಕ್ಕದವನೊಬ್ಬ ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದರೆ ನಮ್ಮ ಕಾರ್ಖಾನೆಯಲ್ಲಿ ಆದಂತೆ ಎರಡನೆಯ ಪ್ರಶ್ನೆ ಐದು ತಿಂಗಳು ತಡವಾಗಿ ಬರುತ್ತದೆ.

ನಮ್ಮ ದೇಶದಲ್ಲಿ ಇಂಥ ವ್ಯಾಸಂಗವಿಲ್ಲವೇ ಎಂದು ತಾವು ಕೇಳಬಹುದು. ಬೀಜಗಳು ಇಲ್ಲಿಯೂ ಬಿದ್ದಿವೆ. ಅಹಮದಾಬಾದಿನ ನಿರ್ವಹಣಾ ಸಂಸ್ಥೆ 1961ರಲ್ಲಿ ಆರಂಭವಾದಾಗ ಹಾರ್ವರ್ಡಿನ ವ್ಯವಹಾರ ಶಾಲೆಯ ನೆರವಿತ್ತು. ಬೆಂಗಳೂರಿನ ನಿರ್ವಹಣಾ ಸಂಸ್ಥೆ 1973ರದು. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ತಂಡದ ಪಾಠ ಆರಂಭವಾದುದು 1988ರಲ್ಲಿ. ಒಂದು ಬನ್ನೇರುಘಟ್ಟ ರಸ್ತೆಯಲ್ಲಿದೆ, ಇನ್ನೊಂದು ನಾಗರಭಾವಿಯಲ್ಲಿದೆ. ಇವೆರಡರ ನಡುವೆ ನದಿಯಿಲ್ಲ, ವಾಹನಗಳ ಪ್ರವಾಹವಿದೆ. ನಿಜವಾದ ತಡೆಯೆಂದರೆ ನಿಯಮದ್ದು. ಕಾನೂನು ಪದವಿಗೆ ಸೇರಿದ ವಿದ್ಯಾರ್ಥಿ ಅದರ ಜೊತೆಗೆ ಇನ್ನೊಂದು ಪೂರ್ಣಾವಧಿಯ ಪದವಿಗೆ ಸೇರಬಾರದೆಂದು ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳು ಹೇಳಿದವು. ಅದೇ ಸಂಸ್ಥೆಯ ಏಕೀಕೃತ ಪದವಿಗೆ ಮಾತ್ರ ವಿನಾಯಿತಿ. ಆದ್ದರಿಂದ ನಮ್ಮಲ್ಲಿ ಬೆಳೆದುದು ಪಿ.ಯು.ಸಿ. ಆದೊಡನೆ ಸೇರುವ ಐದು ವರ್ಷಗಳ ಬಿ.ಬಿ.ಎ., ಎಲ್‌ಎಲ್.ಬಿ. ವ್ಯಾಸಂಗ. ಅದು ಒಳ್ಳೆಯದೇ. ಆದರೆ ಹದಿನೇಳರ ಹುಡುಗನಿಗೆ ಕಾರ್ಖಾನೆಯ ಕಷ್ಟ ಕಥೆಯಾಗಿ ಕಾಣುತ್ತದೆ. ನಾಲ್ಕು ವರ್ಷ ದುಡಿದು ಬಂದ ಇಪ್ಪತ್ತಾರರ ಹುಡುಗಿಗೆ ಅದು ಕಂಡ ಸಂಗತಿಯಾಗಿರುತ್ತದೆ. ಅಮೆರಿಕದ ವ್ಯವಹಾರ ಶಾಲೆಗಳು ಕೆಲಸದ ಅನುಭವಕ್ಕೆ ಬೆಲೆ ಕೊಡುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದುದೆಂದರೆ ಕಂಪೆನಿ ಸೆಕ್ರೆಟರಿಯ ಪರೀಕ್ಷೆ. ಅದರಲ್ಲಿ ಕಾಯಿದೆಯೂ ಇದೆ, ಲೆಕ್ಕವೂ ಇದೆ. ಫೌಂಡ್ರಿಯ ಪ್ರಸಂಗವಾದ ಮೇಲೆ ನಾನೂ ಅದಕ್ಕೇ ಕುಳಿತೆ.

ಇಂದು ಈ ಜೋಡಿ ವಿದ್ಯೆಯ ಅಗತ್ಯ ಇಲ್ಲಿಯೂ ಹೆಚ್ಚಿದೆ. 2016ರ ದಿವಾಳಿ ಸಂಹಿತೆಯನ್ನೇ ನೋಡಿ. ಸಾಲ ತೀರಿಸಲಾಗದ ಕಂಪೆನಿಯನ್ನು ಉಳಿಸಬೇಕೇ, ಮಾರಬೇಕೇ ಎಂಬುದನ್ನು ಸಾಲ ಕೊಟ್ಟವರ ಸಮಿತಿ ತೀರ್ಮಾನಿಸುತ್ತದೆ. ಆ ಸಮಿತಿಯ ವಾಣಿಜ್ಯ ವಿವೇಕದಲ್ಲಿ ನ್ಯಾಯಮಂಡಳಿ ಕೈಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ಕಾನೂನೇ ಒಂದು ಗೆರೆ ಎಳೆದು, ಇದರಾಚೆಗಿನದು ವ್ಯವಹಾರ ಎಂದು ನಿಂತ ಸ್ಥಳ ಅದು. ಆ ಗೆರೆಯ ಮೇಲೆ ಕೆಲಸ ಮಾಡುವವನಿಗೆ ಎರಡು ಕಡೆಯ ಭಾಷೆಯೂ ಬರಬೇಕಾಗುತ್ತದೆ.

ಇನ್ನು ಖರ್ಚಿನ ವಿಚಾರ. ಅಮೆರಿಕದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇವುಗಳ ಬೋಧನಾ ಶುಲ್ಕವೇ ವರ್ಷಕ್ಕೆ 70 ಸಾವಿರ ಡಾಲರುಗಳನ್ನು ಮೀರುತ್ತದೆ. ನಾಲ್ಕು ವರ್ಷಕ್ಕೆ ಗುಣಿಸಿ, ಊಟ ವಸತಿಗಳನ್ನು ಸೇರಿಸಿ, ಆ ನಾಲ್ಕು ವರ್ಷ ಇಲ್ಲಿ ದುಡಿದಿದ್ದರೆ ಬರುತ್ತಿದ್ದ ಸಂಬಳವನ್ನೂ ಕೂಡಿಸಬೇಕು. ವಿದ್ಯಾರ್ಥಿವೇತನ ದೊರೆತರೂ ಉಳಿಯುವುದು ಸಣ್ಣ ಮೊತ್ತವಲ್ಲ. ಓದಿದ ಮೇಲೆ ಅಲ್ಲಿ ಕೆಲಸ ಮಾಡುವ ಅನುಮತಿ ಸಿಗುವುದು ಅವಳ ಕೈಯಲ್ಲಿಲ್ಲ. ಮತ್ತೊಂದು ಮಾತನ್ನೂ ಸೋದರಳಿಯನಿಗೆ ಹೇಳಿದೆ. ವ್ಯವಹಾರದ ವಿದ್ಯೆಯನ್ನು ಯಾವ ದೇಶಕ್ಕಾದರೂ ಕೊಂಡೊಯ್ಯಬಹುದು. ಕಾನೂನಿನ ವಿದ್ಯೆಗೆ ಗಡಿಗಳುಂಟು. ಅಮೆರಿಕದಲ್ಲಿಯೇ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಸನ್ನದು. ಅವಳು ಹಿಂದಿರುಗಿ ಬಂದು ಇಲ್ಲಿ ವಕೀಲಿ ಮಾಡಬೇಕೆಂದರೆ, ಆ ಪದವಿಗೆ ಇಲ್ಲಿಯ ಪರಿಷತ್ತಿನ ಮಾನ್ಯತೆ ಇರಬೇಕು, ಅರ್ಹತಾ ಪರೀಕ್ಷೆಯನ್ನೂ ಬರೆಯಬೇಕು. ಎರಡೂ ಪದವಿ ಪಡೆದು ಕೊನೆಗೆ ಒಂದನ್ನೇ ಬಳಸುವವರೂ ಉಂಟು. ಬರಿಯ ವಕೀಲಿಯೇ ಗುರಿಯಾದರೆ, ಬರಿಯ ಉದ್ಯಮವೇ ಗುರಿಯಾದರೆ, ಒಂದು ಪದವಿ ಸಾಕು. ಎರಡರ ನಡುವೆ ನಿಂತು ಮಾಡುವ ಕೆಲಸವೇ ಬೇಕೆಂಬವರಿಗೆ ಮಾತ್ರ ಈ ಖರ್ಚು ಸಮಂಜಸ.

ಹೊರಡುವ ಮೊದಲು ಮೊಮ್ಮಗಳು ನನ್ನನ್ನು ನೋಡಲು ಬಂದಳು. ಅವಳಿಗೂ ಒಂದು ಮಾತು ಹೇಳಬೇಕಿತ್ತು. ಅಮೆರಿಕದ ನ್ಯಾಯವೇತ್ತ ಹೋಮ್ಸ್ ಅವರು 1897ರ ಒಂದು ಉಪನ್ಯಾಸದಲ್ಲಿ, ಕಾನೂನಿನ ದೃಷ್ಟಿಯಲ್ಲಿ ಕರಾರಿನ ಕರ್ತವ್ಯವೆಂದರೆ ಪಾಲಿಸದಿದ್ದರೆ ಪರಿಹಾರ ತೆರಬೇಕಾಗುತ್ತದೆ ಎಂಬುದಷ್ಟೇ ಎಂಬರ್ಥದ ಮಾತನ್ನಾಡಿದ್ದರು. ಇದಕ್ಕೆ ಮುಂದೆ ಅರ್ಥಶಾಸ್ತ್ರದ ಲೆಕ್ಕವೂ ಸೇರಿತು. ಪರಿಹಾರ ಕೊಟ್ಟ ಮೇಲೂ ಲಾಭ ಉಳಿಯುವುದಾದರೆ ಕರಾರನ್ನು ಮುರಿಯುವುದೇ ದಕ್ಷತೆ ಎಂಬ ವಾದ ಹುಟ್ಟಿತು. ಎರಡು ಶಾಲೆಗಳ ಪಾಠಗಳು ಒಂದನ್ನೊಂದು ತಿದ್ದುವ ಬದಲು ಹೀಗೆ ಒಂದಕ್ಕೊಂದು ಕುಮ್ಮಕ್ಕು ಕೊಡುವುದೂ ಸಾಧ್ಯ. ನಮ್ಮ ಸಂಸತ್ತು 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯಿದೆಯನ್ನು ತಿದ್ದಿ, ಹಣದ ಪರಿಹಾರಕ್ಕಿಂತ ಒಪ್ಪಿದ ಕೆಲಸವನ್ನೇ ಮಾಡಿಸುವುದಕ್ಕೆ ಹೆಚ್ಚಿನ ಒತ್ತು ಕೊಟ್ಟಿತು. ಎರಡು ಪಕ್ಷಗಳ ವಾದವನ್ನೂ ಅವಳು ಅಲ್ಲಿ ಕೇಳುತ್ತಾಳೆ, ಪರೀಕ್ಷೆಯಲ್ಲಿ ಬರೆಯುತ್ತಾಳೆ. ಅದಕ್ಕೆ ನನ್ನ ಅಡ್ಡಿಯಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಆ ಬಿಳಿ ಟೋಪಿಯವರ ಕಥೆಯನ್ನು ಮಾತ್ರ ಅವಳಿಗೆ ಹೇಳಿದೆ.

ಅವಳು ಕೇಳಿ, "ತಾತ, ಆಮೇಲೆ ಅವರು ಏನಾದರು?" ಎಂದಳು.

ನನಗೆ ತಿಳಿಯದು. ಎರಡು ವರ್ಷದ ಮೇಲೆ ಬೆಳಗಾವಿಗೆ ಹೋದಾಗ ಹುಡುಕಿದೆ, ಶೆಡ್ಡಿನಲ್ಲಿ ಬೇರೆಯವರಿದ್ದರು. ನಾನು ಹೇಳಿದ ಕಥೆಯಲ್ಲಿ ಹೊಣೆಯ ಪ್ರಶ್ನೆಯೂ ಇತ್ತು, ಲೆಕ್ಕದ ಪ್ರಶ್ನೆಯೂ ಇತ್ತು. ಅವಳು ಕೇಳಿದ್ದು ಎರಡೂ ಅಲ್ಲದ ಮೂರನೆಯ ಪ್ರಶ್ನೆ. ಅದನ್ನು ಯಾವ ಶಾಲೆಯೂ ಅವಳಿಗೆ ಕಲಿಸಿರಲಿಲ್ಲ.

ಮರುದಿನ ಸೋದರಳಿಯನೊಡನೆ ಬ್ಯಾಂಕಿಗೆ ಹೋದೆ. ನನ್ನ ನಿವೇಶನದ ಪತ್ರವನ್ನು ಒತ್ತೆಯಿಟ್ಟೆ. "ಓದಿ ನೋಡಿ ಸರ್" ಎಂದು ಮ್ಯಾನೇಜರರು ಜಾಮೀನು ಪತ್ರವನ್ನು ಮುಂದೆ ಇಟ್ಟರು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು ಎಂದು ಕರಾರು ಕಾಯಿದೆಯ 128ನೆಯ ಕಲಮು ಹೇಳುತ್ತದೆ. ಮೂವತ್ತು ವರ್ಷ ಅಂಥ ಪತ್ರಗಳನ್ನು ಬರೆದ ನನಗೆ ಅದು ಬಾಯಿಪಾಠ. ಈ ವಯಸ್ಸಿನಲ್ಲಿ ಅಂಥ ಹೊಣೆಯನ್ನು ಹೊರುವುದು ಲಾಭವೇ ನಷ್ಟವೇ ಎಂಬುದೂ ತಿಳಿಯದ ವಿಷಯವಲ್ಲ. ಎರಡನ್ನೂ ತಿಳಿದೇ ಸಹಿ ಹಾಕಿದೆ.